ಪಿಪಿಎಂ ಚಾರ್ಟ್ ಕೊನೆಗೆ ತೆಗೆಯಿರಿ

ಎನ್‌ಎಂಆರ್ ಸ್ಪೆಕ್ಟ್ರಮ್ (ಅಣುವಿನ ಹೈಡ್ರೋಜನ್‌ಗಳು ಕಾಂತಕ್ಷೇತ್ರದಲ್ಲಿ ಕೊಡುವ ಪೀಕ್‌ಗಳ ನಕ್ಷೆ) ಕೈಗೆ ಬಂದ ಕೂಡಲೇ ನಮ್ಮ ಹುಡುಗರು ಪಿಪಿಎಂ ಚಾರ್ಟ್ ಹುಡುಕುತ್ತಾರೆ, ಅಂದರೆ ಯಾವ ಗುಂಪಿನ ಪೀಕ್ ಎಷ್ಟು ಪಿಪಿಎಂನಲ್ಲಿ ಬರುತ್ತದೆ ಎಂಬ ಪಟ್ಟಿ. ನಾನು ಅದನ್ನು ಕೊನೆಗೆ ತೆಗೆಯುತ್ತೇನೆ. ಧಾರವಾಡದಲ್ಲಿ ಎಂಎಸ್ಸಿ ಮಾಡುವಾಗ ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧಿ ತಯಾರಿಸಿದ್ದೆ. ಬೆಂಜೀನ್ ರಿಂಗಿನ ಒಂದು ತುದಿಗೆ ಅಮಿನೊ ಗುಂಪು, ಎದುರು ತುದಿಗೆ ಎಥಿಲ್ ಎಸ್ಟರ್, ಇದೇ ಅದರ ರಚನೆ. ಪ್ಯಾರಾ ಅಮಿನೊಬೆಂಜೋಯಿಕ್ ಆಸಿಡ್, ಎಥನಾಲ್, ಸಲ್ಫ್ಯೂರಿಕ್ ಆಸಿಡ್ ಸೇರಿಸಿ ರಿಫ್ಲಕ್ಸ್ (ಆವಿ ತಣಿದು ಮರಳುವಂತೆ ಕುದಿಸುವುದು), ಅಷ್ಟೇ. ಓದುವ ಕ್ರಮ ತಲೆಯಲ್ಲಿ ಕೂತದ್ದು ಆ ಸ್ಯಾಂಪಲ್‌ನಿಂದಲೇ.

ಸುಮಾರು 10 ಮಿಲಿಗ್ರಾಂ ಪುಡಿಗೆ 0.6 ಮಿಲೀ ಡ್ಯುಟೀರಿಯೇಟೆಡ್ ಕ್ಲೋರೋಫಾರ್ಮ್ (ಹೈಡ್ರೋಜನ್ ಬದಲು ಭಾರದ ಡ್ಯುಟೀರಿಯಂ ಇರುವ ಸಾಲ್ವೆಂಟ್) ಸಾಕು. ಪಿಪೆಟ್‌ನಲ್ಲಿ ಹತ್ತಿ ಇಟ್ಟು ಸೋಸಿಯೇ ಟ್ಯೂಬಿಗೆ ಬಿಡಿ. ಕಣ ತೇಲುತ್ತಿದ್ದರೆ ಪೀಕ್‌ಗಳು ಅಗಲವಾಗುತ್ತವೆ.

ಮೊದಲು ನಮ್ಮದಲ್ಲದ ಪೀಕ್‌ಗಳನ್ನು ಹೊಡೆದು ಹಾಕುತ್ತೇನೆ. 0 ಪಿಪಿಎಂನಲ್ಲಿ ಟಿಎಂಎಸ್, ಅಂದರೆ ಅಳತೆಯ ಸೊನ್ನೆ ಗುರುತಿಸುವ ವಸ್ತು. 7.26 ಸಾಲ್ವೆಂಟಿನಲ್ಲಿ ಉಳಿದ ಮಾಮೂಲಿ ಕ್ಲೋರೋಫಾರ್ಮ್. 2.17 ಟ್ಯೂಬ್ ತೊಳೆದ ಅಸಿಟೋನ್. 1.56 ನೀರು, ಇಲ್ಲಿನ ಜುಲೈ ಮಳೆಯಲ್ಲಿ ಸಾಲ್ವೆಂಟ್ ಬಾಟಲಿಯ ಮುಚ್ಚಳ ತೆಗೆದಿಟ್ಟರೆ ಇದು ಜಾಸ್ತಿಯಾಗುತ್ತದೆ.

ಆಮೇಲೆ ಇಂಟಿಗ್ರೇಶನ್, ಅಂದರೆ ಪೀಕ್‌ನ ವಿಸ್ತೀರ್ಣದಿಂದ ಅದರ ಹೈಡ್ರೋಜನ್ ಎಣಿಸುವುದು. 3, 2, 2, 2, 2. ಒಟ್ಟು 11 ಹೈಡ್ರೋಜನ್, ಫಾರ್ಮುಲಾಗೆ ಸರಿಹೋಯಿತು.

ನಿಜವಾದ ಮಜಾ ಸ್ಪ್ಲಿಟಿಂಗ್‌ನಲ್ಲಿ, ಅಂದರೆ ನೆರೆಯ ಹೈಡ್ರೋಜನ್‌ಗಳಿಂದ ಪೀಕ್ ಹಲವು ಗೆರೆಗಳಾಗಿ ಒಡೆಯುವುದರಲ್ಲಿ. 1.36ರಲ್ಲಿ ಟ್ರಿಪ್ಲೆಟ್ (ಮೂರು ಗೆರೆ), 4.31ರಲ್ಲಿ ಕ್ವಾರ್ಟೆಟ್ (ನಾಲ್ಕು ಗೆರೆ). ಎರಡರಲ್ಲೂ ಗೆರೆಗಳ ನಡುವಿನ ಅಂತರ ಸುಮಾರು 7 ಹರ್ಟ್ಸ್. ಅಂತರ ಒಂದೇ ಇದ್ದರೆ ಅವು ಪಕ್ಕಪಕ್ಕದ ಕಾರ್ಬನ್‌ಗಳವು ಅನ್ನಬಹುದು. ಆದರೆ ಎಥಿಲ್ ಅಸಿಟೇಟ್‌ನಲ್ಲಿ ಎಕ್ಸ್‌ಟ್ರಾಕ್ಟ್ ಮಾಡಿದ್ದರೆ ಅದರದೂ ಎಥಿಲ್ ಗುಂಪೇ ಅಲ್ವಾ? 1.26, 4.12. ಈಗಲೂ ಜೂನಿಯರ್‌ಗಳು ಕೇಳುತ್ತಾರೆ: "ಸರ್, ಎರಡು ಕ್ವಾರ್ಟೆಟ್ ಬಂದಾವಲ್ರೀ?" 2.04ರಲ್ಲಿ ಒಂಟಿ ಗೆರೆ ಇದೆಯಾ ನೋಡಿ ಅನ್ನುತ್ತೇನೆ. ಇದ್ದರೆ ಅದು ಎಥಿಲ್ ಅಸಿಟೇಟೇ, ಅದು ಹೋಗಲು ಸ್ಯಾಂಪಲ್ಲನ್ನು ಮತ್ತೆ ವ್ಯಾಕ್ಯೂಮ್‌ಗೆ ಹಾಕಬೇಕು.

ಚಾರ್ಟ್ ಬೇಕಾಗುವುದು ಈಗ. ರಿಂಗಿನ ಎರಡು ಡಬ್ಲೆಟ್‌ಗಳು (ಎರಡು ಗೆರೆಯ ಪೀಕ್‌ಗಳು) 7.86 ಮತ್ತು 6.64, ಒಂದೊಂದೂ ಎರಡು ಹೈಡ್ರೋಜನ್. ಇದು ಪ್ಯಾರಾ ಜೋಡಣೆಯ, ಅಂದರೆ ಎರಡು ಗುಂಪು ರಿಂಗಿನ ಎದುರುಬದುರು ಇರುವುದರ ಗುರುತು. ಎಸ್ಟರ್ ಎಲೆಕ್ಟ್ರಾನ್ ಎಳೆಯುತ್ತದೆ, ಅದರ ಪಕ್ಕದವು 7.86ಕ್ಕೆ ಹೋಗುತ್ತವೆ. ಅಮಿನೊ ಗುಂಪು ಎಲೆಕ್ಟ್ರಾನ್ ಕೊಡುತ್ತದೆ, ಅದರ ಪಕ್ಕದವು 6.64ಕ್ಕೆ ಇಳಿಯುತ್ತವೆ. ಕಾರಣ ಗೊತ್ತಿದ್ದರೆ ಅಂಕಿ ಬಾಯಿಪಾಠ ಮಾಡುವುದು ಬೇಡ.

ಉಳಿದದ್ದು 4.05ರ ಹತ್ತಿರದ ಅಗಲವಾದ ದಿಬ್ಬ. ಅದು ಅಮಿನೊ ಗುಂಪಿನದೇ ಎಂದು ಸುಮ್ನೆ ನಂಬಬೇಕಿಲ್ಲ. ಟ್ಯೂಬಿಗೆ ಒಂದು ಹನಿ ಡಿ2ಒ (ಡ್ಯುಟೀರಿಯಂ ಇರುವ ಭಾರಜಲ) ಹಾಕಿ, ಚೆನ್ನಾಗಿ ಅಲುಗಾಡಿಸಿ, ಮತ್ತೆ ರನ್ ಮಾಡಿಸಿದೆ. ಅಮಿನೊ ಹೈಡ್ರೋಜನ್ ಜಾಗಕ್ಕೆ ಡ್ಯುಟೀರಿಯಂ ಬಂದು ದಿಬ್ಬ ಮಾಯವಾಗಿತ್ತು. ಕ್ವಾರ್ಟೆಟ್ ಇದ್ದಲ್ಲೇ ಇತ್ತು.