ಪೆಟ್ಟಿಗೆಯ ಮೇಲಿನ ವೇಗ ಕೈಗೆ ಸಿಗಬೇಕಾದರೆ: ಮದರ್‌ಬೋರ್ಡ್ ಆರಿಸುವ ಕ್ರಮ

ತಂಗಿಯ ವಿಡಿಯೊ ಸಂಕಲನದ ಕೆಲಸಕ್ಕೆಂದು ನಾನು ಜೋಡಿಸಿದ ಕಂಪ್ಯೂಟರಿನ ಮದರ್‌ಬೋರ್ಡ್ ಪೆಟ್ಟಿಗೆಯ ಮೇಲೆ ಮೆಮೊರಿಯ ವೇಗ ‘6400+’ ಎಂದು ದಪ್ಪ ಅಂಕಿಗಳಲ್ಲಿ ಅಚ್ಚಾಗಿತ್ತು. ಅದನ್ನು ನಂಬಿ 6000 ವೇಗದ ನಾಲ್ಕು ಡಿಡಿಆರ್5 ಮೆಮೊರಿ ಸ್ಟಿಕ್‌ಗಳನ್ನು (ಡಿಡಿಆರ್4ರ ನಂತರದ ಪೀಳಿಗೆಯವು) ತಂದು ನಾಲ್ಕೂ ಸ್ಲಾಟ್ ತುಂಬಿಸಿದೆ. ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪರದೆಯಾದ ಬಯಾಸ್ ತೆರೆದರೆ ವೇಗ 3600 ಎಂದಿತ್ತು. 6000ಕ್ಕೆ ಏರಿಸಿದರೆ ಪರದೆಯೇ ಬೆಳಗಲಿಲ್ಲ. ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ತಿಳಿಯಿತು: ಯಾವ ಭಾಗವೂ ಕೆಟ್ಟಿರಲಿಲ್ಲ, ನಾನು ಆರಿಸಿದ ಕ್ರಮವೇ ತಲೆಕೆಳಗಾಗಿತ್ತು.

ಮೊದಲು ನೋಡಬೇಕಾದದ್ದು ಪ್ರೊಸೆಸರ್. ಮೆಮೊರಿಯನ್ನು ನಡೆಸುವ ಕಂಟ್ರೋಲರ್ ಇರುವುದು ಅದರೊಳಗೆ, ಬೋರ್ಡಿನಲ್ಲಲ್ಲ. ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವುದು 5200, ರೈಜನ್ 9000ಕ್ಕೆ 5600. ಇವು ಎರಡು ಸ್ಟಿಕ್‌ಗಳ ಲೆಕ್ಕ. ರೈಜನ್ 7000ದೊಂದಿಗೆ ನಾಲ್ಕು ಸ್ಟಿಕ್ ಹಾಕಿದರೆ ಅಧಿಕೃತ ಮಿತಿ 3600ಕ್ಕೆ ಇಳಿಯುತ್ತದೆ. ನನಗೆ ಕಂಡ ಅಂಕಿ ಅದೇ. ಅದಕ್ಕಿಂತ ಮೇಲಿನದೆಲ್ಲ ಓವರ್‌ಕ್ಲಾಕಿಂಗ್, ಅಂದರೆ ಅಧಿಕೃತ ಮಿತಿ ಮೀರಿ ಓಡಿಸುವುದು. ಪೆಟ್ಟಿಗೆಯ ಮೇಲಿನ ‘ಒಸಿ’ ಎಂಬ ಸಣ್ಣ ಅಕ್ಷರಗಳು ಹೇಳುವುದು ಅದನ್ನೇ.

ನಾಲ್ಕು ಸ್ಟಿಕ್‌ಗಳಿಗೇಕೆ ಇಷ್ಟು ಕಷ್ಟ? ಪ್ರೊಸೆಸರಿನಿಂದ ಮೆಮೊರಿಗೆ ಎರಡು ಚಾನೆಲ್‌ಗಳು ಹೊರಡುತ್ತವೆ. ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಒಂದೊಂದು ಚಾನೆಲ್‌ಗೂ ಎರಡು ಸ್ಲಾಟ್. ಸಾಮಾನ್ಯವಾಗಿ ತಂತಿಯ ಗೆರೆ ಹತ್ತಿರದ ಸ್ಲಾಟನ್ನು ಮುಟ್ಟಿ ದೂರದ ಸ್ಲಾಟಿನಲ್ಲಿ ಮುಗಿಯುತ್ತದೆ. ಸ್ಟಿಕ್ ದೂರದ ಸ್ಲಾಟಿನಲ್ಲಿದ್ದರೆ ಸಂಕೇತ ಅಲ್ಲಿಯೇ ಕೊನೆಗೊಳ್ಳುತ್ತದೆ. ಹತ್ತಿರದ್ದರಲ್ಲಿ ಮಾತ್ರ ಇದ್ದರೆ ಉಳಿದ ಗೆರೆ ಬಾಲದಂತೆ ನೇತಾಡಿ, ಗೋಡೆಗೆ ಕಟ್ಟಿದ ಹಗ್ಗವನ್ನು ಜಾಡಿಸಿದಾಗ ಅಲೆ ಮರಳುವಂತೆ, ಸಂಕೇತ ಹಿಂದಕ್ಕೆ ಬಂದು ಕಲಸಿಹೋಗುತ್ತದೆ. ಎರಡೂ ತುಂಬಿದರೆ ಕಂಟ್ರೋಲರಿನ ಹೊರೆಯೇ ಇಮ್ಮಡಿ. ಆದ್ದರಿಂದ 64 ಜಿಬಿ ಬೇಕಿದ್ದವರು 16ರ ನಾಲ್ಕನ್ನು ಬಿಟ್ಟು 32ರ ಎರಡನ್ನು ಕೊಳ್ಳಿ. ಮುಂದೆ ಇನ್ನೆರಡು ಸೇರಿಸೋಣ ಎಂಬ ಆಲೋಚನೆ ಇಲ್ಲದಿದ್ದರೆ, ಎರಡೇ ಸ್ಲಾಟ್‌ಗಳಿರುವ ಬೋರ್ಡ್ ಕಡಿಮೆಯದೆಂದು ತಳ್ಳಿಹಾಕಬೇಡಿ. ಗೆರೆಗಳು ಚಿಕ್ಕದಾಗಿರುವುದರಿಂದ ವೇಗದ ಮೆಮೊರಿಗೆ ಅದೇ ಹೆಚ್ಚು ಅನುಕೂಲ.

ಇನ್ನು ಬೋರ್ಡಿನ ವಿವರಪುಟ. ಅಲ್ಲಿ ‘1ಡಿಪಿಸಿ 1ಆರ್’, ‘2ಡಿಪಿಸಿ 2ಆರ್’ ಎಂಬ ಸಾಲುಗಳಿದ್ದರೆ ಬಿಡದೆ ಓದಿ. ಮೊದಲನೆಯದು ಚಾನೆಲ್‌ಗೆ ಒಂದೇ ಸ್ಟಿಕ್, ಅದೂ ಒಂದೇ ರ‍್ಯಾಂಕಿನದು. ರ‍್ಯಾಂಕ್ ಎಂದರೆ ಸ್ಟಿಕ್ ಮೇಲೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಒಂದು ಗುಂಪು. ಎರಡನೆಯದು ಚಾನೆಲ್‌ಗೆ ಎರಡು ಸ್ಟಿಕ್, ಎರಡೆರಡು ರ‍್ಯಾಂಕಿನವು. ಜಾಹೀರಾತಿನ ದೊಡ್ಡ ಅಂಕಿ ಬರುವುದು ಮೊದಲ ಸಾಲಿನಿಂದ. ನಿಮ್ಮ ಜೋಡಣೆಗೆ ಸೇರಿದ ಸಾಲು ಯಾವುದೋ ಅದರ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆಮೇಲೆ ತಯಾರಕರು ಪರೀಕ್ಷಿಸಿದ ಮೆಮೊರಿಗಳ ಪಟ್ಟಿ, ಅಂದರೆ ಕ್ಯುವಿಎಲ್ ತೆರೆದು, ಕೊಳ್ಳಲಿರುವ ಕಿಟ್‌ನ ಪಾರ್ಟ್ ನಂಬರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಎಷ್ಟು ಸ್ಟಿಕ್‌ಗಳೊಂದಿಗೆ ಪರೀಕ್ಷಿಸಿದ್ದಾರೆ ಎಂಬ ಕಾಲಮ್ಮನ್ನೂ ನೋಡಿ.

ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್‌ಸೆಟ್‌ನ ವಿಷಯ ಚಿಕ್ಕದು. ಇಂಟೆಲ್‌ನ ಎಚ್610 ಮೆಮೊರಿ ಓವರ್‌ಕ್ಲಾಕಿಂಗ್‌ಗೆ ಬಿಡುವುದಿಲ್ಲ. ಬಿ760, ಝಡ್790 ಬಿಡುತ್ತವೆ. ಒಂದೇ ಹೆಸರಿನ ಬೋರ್ಡ್ ಡಿಡಿಆರ್4, ಡಿಡಿಆರ್5 ಎರಡರಲ್ಲೂ ಬರುವುದುಂಟು. ಎರಡಕ್ಕೂ 288 ಪಿನ್‌ಗಳೇ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರದ್ದು ಇನ್ನೊಂದರಲ್ಲಿ ಕೂರುವುದಿಲ್ಲ.

ವೇಗ ಎಷ್ಟು ಸಾಕು? 6000 ಎಂದರೆ ಸೆಕೆಂಡಿಗೆ 600 ಕೋಟಿ ರವಾನೆ. ಜೊತೆಗೆ ಸಿಎಲ್ ಅಂಕಿಯನ್ನೂ, ಅಂದರೆ ಕೇಳಿದ್ದನ್ನು ಕೊಡಲು ಮೆಮೊರಿ ತೆಗೆದುಕೊಳ್ಳುವ ಗಡಿಯಾರ ಮಿಡಿತಗಳ ಎಣಿಕೆಯನ್ನೂ ನೋಡಬೇಕು: ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ನ್ಯಾನೊ ಸೆಕೆಂಡುಗಳಲ್ಲಿ ವಿಳಂಬ ಸಿಗುತ್ತದೆ. 6000 ಸಿಎಲ್30ಕ್ಕೆ 10. 6000 ಸಿಎಲ್40ಕ್ಕೆ 13.3. ರೈಜನ್‌ನಲ್ಲಿ 6000ದ ಆಸುಪಾಸಿನವರೆಗೆ ಕಂಟ್ರೋಲರ್ ಮೆಮೊರಿಯ ಸಮವೇಗದಲ್ಲಿ ನಡೆಯುತ್ತದೆ. ಬಹಳ ಮೇಲೇರಿದರೆ ಅದು ಅರ್ಧವೇಗಕ್ಕೆ ಬೀಳುತ್ತದೆ. ಹಾಗಾಗಿ ರೈಜನ್ ಇಟ್ಟುಕೊಂಡು 8000 ಎಂದು ಸಾರುವ ಬೋರ್ಡಿಗೆ ಹೆಚ್ಚು ಹಣ ಕೊಡಬೇಡಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಹಣದಲ್ಲಿ ಕಡಿಮೆ ಸಿಎಲ್‌ನ ಕಿಟ್ ಕೊಳ್ಳಿ. ಪ್ರೊಸೆಸರ್ ಇಲ್ಲದೆಯೂ ಬಯಾಸ್ ಅಪ್‌ಡೇಟ್ ಮಾಡಬಲ್ಲ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆರಿಸಿ. ಹೊಸ ಬಯಾಸ್‌ನಿಂದ ಮೆಮೊರಿಯ ಹೊಂದಾಣಿಕೆ ಸುಧಾರಿಸುವುದನ್ನು ನಾನೇ ಕಂಡಿದ್ದೇನೆ.

ಜೋಡಿಸುವಾಗ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಬಳಸಿ. ಮ್ಯಾನ್ಯುಯಲ್‌ನಲ್ಲಿ ಬಹುತೇಕ ಎ2, ಬಿ2 ಎಂದಿರುತ್ತದೆ. ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಮೆಮೊರಿಯನ್ನು ಪಳಗಿಸಿಕೊಳ್ಳುತ್ತದೆ. ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ವಿದ್ಯುತ್ ತೆಗೆಯಬೇಡಿ. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ ಪ್ರೊಫೈಲ್ (ಕಿಟ್‌ನ ಘೋಷಿತ ವೇಗದ ಸಿದ್ಧ ಸೆಟ್ಟಿಂಗ್) ಆರಿಸಿ, ಮೆಮೊರಿಯ ದೋಷ ಹುಡುಕುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ದೋಷ ಕಂಡರೂ ವೇಗವನ್ನು ಒಂದು ಮೆಟ್ಟಿಲು ಇಳಿಸಿ ಮತ್ತೆ ಓಡಿಸಿ. ತಂಗಿಯ ಕಂಪ್ಯೂಟರಿನಲ್ಲಿ ಈಗ ಅದೇ ಬೋರ್ಡ್ ಮೇಲೆ 32 ಜಿಬಿಯ ಎರಡು ಸ್ಟಿಕ್‌ಗಳು 6000ದಲ್ಲಿ ನಡೆಯುತ್ತಿವೆ, ದೋಷ ಸೊನ್ನೆ.