ಅರವತ್ತು ಅಡಿ ಈ ಕಡೆ, ನೂರಡಿ ಆ ಕಡೆ

ನನ್ನ ಕೆಲಸ ಏನಂತ ದಾವಣಗೆರೆಯ ಅಜ್ಜಿಗೆ ಇವತ್ತಿಗೂ ಅರ್ಥವಾಗಿಲ್ಲ. 'ಗ್ರ್ಯಾಜುಯೇಟ್ ಅಸಿಸ್ಟೆಂಟ್' (ಜಿಎ), ಅಂದರೆ ಓದುತ್ತಲೇ ಕೋಚ್‌ಗಳಿಗೆ ನೆರವಾಗುವವನು ಆಗಿದ್ದೇನೆ ಅಂದಾಗ "ಇನ್ನೂ ಓದೋದು ಮುಗೀಲಿಲ್ವೇನೋ?" ಅಂದಿದ್ದರು. ಒಂದು ಲೆಕ್ಕಕ್ಕೆ ಸರಿಯೇ. ಅಮೆರಿಕದ ಕಾಲೇಜು ಫುಟ್ಬಾಲ್‌ನಲ್ಲಿ (ಚೆಂಡು ಕೈಯಲ್ಲಿ ಹಿಡಿದು ನುಗ್ಗುವ ಅವರದೇ ಆಟ) ಜಿಎ ಆಗಬೇಕಾದರೆ ಸ್ನಾತಕೋತ್ತರ ಕೋರ್ಸಿಗೆ ಸೇರಿರಬೇಕು. ನನಗೆ ಫೀಸು ಮಾಫಿ, ಕೈಗೆ ಒಂದಿಷ್ಟು ಖರ್ಚಿನ ದುಡ್ಡು. ಬೆಳಗ್ಗೆ ಆರಕ್ಕೆ ಆಫೀಸು, ರಾತ್ರಿ ಹನ್ನೊಂದಕ್ಕೆ ಮನೆ.

ಅಪ್ಪನ ಕೆಲಸದ ದೆಸೆಯಿಂದ ಒಂಬತ್ತನೇ ಕ್ಲಾಸಿಗೆ ಟೆಕ್ಸಾಸ್‌ಗೆ ಬಂದವನು ನಾನು. ಅಲ್ಲಿ ಶುಕ್ರವಾರ ರಾತ್ರಿ ಅಂದರೆ ಹೈಸ್ಕೂಲ್ ಫುಟ್ಬಾಲ್. ಹುಚ್ಚು ಹಿಡಿಯಿತು, ಆದರೆ ಆಡುವ ಮೈಕಟ್ಟು ನನ್ನದಲ್ಲ. ಆಡದವನು ಕೋಚ್ ಆಗೋಕಾಗುತ್ತಾ ಅಂತ ಅಪ್ಪ ಕೇಳಿದರು. ಮೈಕ್ ಲೀಚ್ ಹೆಸರು ಹೇಳಿದೆ. ಕಾಲೇಜಲ್ಲಿ ಫುಟ್ಬಾಲ್ ಆಡಿದವರಲ್ಲ, ಓದಿದ್ದು ಲಾ, ಟೆಕ್ಸಾಸ್ ಟೆಕ್‌ಗೆ ಹತ್ತು ಸೀಸನ್ ಹೆಡ್ ಕೋಚ್. "ಸರಿ, ಇನ್ನೊಬ್ಬರ ಹೆಸರು ಹೇಳು" ಅಂದರು ಅಪ್ಪ.

ಡಿಗ್ರಿಯಲ್ಲಿದ್ದಾಗ ಟವರ್ ಹತ್ತಿ ಪ್ರಾಕ್ಟೀಸಿನ ವಿಡಿಯೊ ತೆಗೆದೆ. ಆಮೇಲೆ ಫಿಲ್ಮ್ ಒಡೆಯುವ ಕೆಲಸ. ಎದುರಾಳಿಯ ನಾಲ್ಕು ಪಂದ್ಯ ಹಾಕಿಕೊಂಡು, ಪ್ರತಿ ಪ್ಲೇಗೂ ಎಷ್ಟನೇ ಡೌನ್ (ಮುಂದೆ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಯಾರ್ಡ್ ಬೇಕು, ಚೆಂಡು ಯಾವ ಹ್ಯಾಶ್‌ನಲ್ಲಿದೆ, ಯಾರು ಎಲ್ಲಿ ನಿಂತಿದ್ದಾರೆ ಅಂತ ತುಂಬಿಸಬೇಕು. ಹ್ಯಾಶ್ ಅಂದರೆ ಮೈದಾನದ ಉದ್ದಕ್ಕೂ ಇರುವ ಎರಡು ಸಾಲು ಗುರುತು, ಪ್ರತಿ ಪ್ಲೇ ಶುರುವಾಗುವುದು ಅವುಗಳ ಮೇಲೆ ಅಥವಾ ನಡುವೆ. ನಾನೇನಾದರೂ ಆಟ ಕಲಿತಿದ್ದರೆ ಇಲ್ಲೇ.

ಜಿಎ ಆದ ಮೇಲೆ ಕಾರ್ಡ್ ಬರೆಯುವುದು ನನ್ನ ಪಾಲಿಗೆ ಬಂತು. ನಮ್ಮ ಸ್ಕೌಟ್ ಟೀಮ್ ಹುಡುಗರು ಮುಂದಿನ ಶನಿವಾರದ ಎದುರಾಳಿಯ ಹಾಗೆ ಆಡಿ ತೋರಿಸಬೇಕಲ್ಲ, ಅವರಿಗೆ ದಪ್ಪ ಮಾರ್ಕರ್‌ನಲ್ಲಿ ಬರೆದ ಚಿತ್ರ ಅದು. ಆಕ್ರಮಣದವರಿಗೆ ಸೊನ್ನೆ, ರಕ್ಷಣೆಯವರಿಗೆ ಅಕ್ಷರ. ಕಾರ್ಡ್ ಎತ್ತಿ ಹಿಡಿದರೆ ಹುಡುಗ ತನ್ನ ಸೊನ್ನೆ ಹುಡುಕಿಕೊಂಡು ಓಡುತ್ತಾನೆ.

ಒಂದು ಮಂಗಳವಾರ ನಿದ್ದೆಗಣ್ಣಲ್ಲಿ ಆರು ಕಾರ್ಡ್ ತಿರುವುಮುರುವು ಬರೆದೆ. ಮೂರು ರಿಸೀವರ್‌ಗಳು (ಎಸೆದ ಚೆಂಡು ಹಿಡಿಯುವವರು) ಅಗಲದ ಕಡೆ ನಿಲ್ಲಬೇಕಿತ್ತು, ಕಿರಿದಾದ ಕಡೆ ನಿಲ್ಲಿಸಿದ್ದೆ. ಏನು ಮಹಾ ಅನಿಸಬಹುದು. ಮೈದಾನದ ಅಗಲ 160 ಅಡಿ, ಕಾಲೇಜು ಆಟದಲ್ಲಿ ಎರಡು ಹ್ಯಾಶ್‌ಗಳ ನಡುವೆ 40 ಅಡಿ. ಚೆಂಡು ಒಂದು ಹ್ಯಾಶ್‌ನಲ್ಲಿದ್ದರೆ ಈ ಕಡೆ 60 ಅಡಿ ಜಾಗ, ಆ ಕಡೆ 100 ಅಡಿ. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಹ್ಯಾಶ್‌ಗಳು ಹತ್ತಿರ ಹತ್ತಿರ ಇರುವುದರಿಂದ ಇಷ್ಟು ವ್ಯತ್ಯಾಸ ಬರುವುದಿಲ್ಲ. ನಮ್ಮಲ್ಲಿ ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವ ರಕ್ಷಣೆಯ ಆಟಗಾರ, ಎಲ್ಲಿ ನಿಲ್ಲಬೇಕು ಅನ್ನುವುದೇ ಇದರ ಮೇಲೆ. ಇಡೀ ಡಿಫೆನ್ಸ್ ಒಂದು ಗಂಟೆ ತಪ್ಪು ಪಾಠ ಕಲಿತಿತ್ತು.

ಡಿಫೆನ್ಸ್ ನೋಡಿಕೊಳ್ಳುವ ಕೋಚ್, ಅಂದರೆ ಕೋಆರ್ಡಿನೇಟರ್, ಮೈದಾನದಲ್ಲಿ ಒಂದು ಮಾತೂ ಆಡಲಿಲ್ಲ. ರಾತ್ರಿ ಒಂಬತ್ತಕ್ಕೆ ಕರೆದು ಆರೂ ಕಾರ್ಡ್ ಮುಂದಿಟ್ಟು, "ಮೊದಲು ಹ್ಯಾಶ್ ಹಾಕು, ಆಮೇಲೆ ಮನುಷ್ಯರನ್ನ ಹಾಕು" ಅಂದರು. ಬುಧವಾರ ಅಷ್ಟನ್ನೂ ಮತ್ತೆ ಆಡಿಸಿದರು. ಹುಡುಗರು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಲ್ಲಿದೆ.

ಎರಡನೇ ವರ್ಷ ಹೆಡ್ ಕೋಚ್‌ರನ್ನು ತೆಗೆದರು. ಅವರ ಜೊತೆ ನಾವೂ ಹೊರಗೆ. ಹೊಸಬರು ತಮ್ಮವರನ್ನೇ ಕರೆತರುತ್ತಾರೆ, ಇಲ್ಲಿ ಅದೇ ರೂಢಿ. ಜನವರಿಯಲ್ಲಿ ಕೋಚ್‌ಗಳ ಸಂಘದ ಸಮ್ಮೇಳನಕ್ಕೆ ಹೋದೆ. ಹೆಸರಿಗೆ ಭಾಷಣಗಳಿವೆ, ಆದರೆ ಕೆಲಸ ಸಿಗುವುದು ಹೋಟೆಲ್ ಲಾಬಿಯಲ್ಲಿ. ಇಸ್ತ್ರಿ ಮಾಡಿದ ಪೋಲೊ ಶರ್ಟ್ ಹಾಕಿಕೊಂಡು ಮೂರು ದಿನ ಸುಮ್ನೆ ನಿಂತೆ. ನಮ್ಮ ಹಳೇ ಕೋಆರ್ಡಿನೇಟರ್‌ಗೂ ಆಗ ಕೆಲಸ ಇರಲಿಲ್ಲ. ಆದರೂ ಯಾರಿಗೋ ಫೋನ್ ಮಾಡಿ "ಕಾರ್ಡ್ ಚೆನ್ನಾಗಿ ಬರೀತಾನೆ" ಅಂದಿದ್ದರಂತೆ.

ಹಾಗೆ ಸಿಕ್ಕಿದ್ದು ಎರಡನೇ ದರ್ಜೆಯ ಈ ಡಿವಿಷನ್ 2 ಕಾಲೇಜು. ಟೈಟ್ ಎಂಡ್‌ಗಳಿಗೆ (ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರರು) ಕೋಚ್ ನಾನೇ. ವಿಡಿಯೊ ನೋಡಿಕೊಳ್ಳುವವನೂ ನಾನೇ, ಬಸ್ಸಿನಲ್ಲಿ ಊಟದ ಪೊಟ್ಟಣ ಎಣಿಸುವವನೂ ನಾನೇ. ಕಾಲೇಜು ಫುಟ್ಬಾಲ್‌ನ ಅತಿ ಮೇಲಿನ ಹಂತವಾದ ಎಫ್‌ಬಿಎಸ್‌ನ ದೊಡ್ಡ ತಂಡದಲ್ಲಿ ಅನಲಿಸ್ಟ್ ಆಗಿ ಕಾಯಬಹುದಿತ್ತು. ಆಗ ಅಲ್ಲಿ ಹೆಡ್ ಕೋಚ್ ಬಿಟ್ಟರೆ ಹತ್ತು ಅಸಿಸ್ಟೆಂಟ್‌ಗಳಿಗೆ ಮಾತ್ರ ಮೈದಾನದಲ್ಲಿ ಕಲಿಸುವ ಅವಕಾಶ. ಅನಲಿಸ್ಟ್ ಆದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. 2024ರಲ್ಲಿ ಆ ನಿಯಮ ಸಡಿಲಿಸಿದರು, ಈಗ ಆ ದಾರಿ ಅಷ್ಟು ಕೆಟ್ಟದ್ದಲ್ಲ. ನನಗೆ ಮಾತ್ರ ಇಪ್ಪತ್ತಾರನೇ ವಯಸ್ಸಿಗೇ ಕಲಿಸುವುದಕ್ಕೆ ಐದು ಹುಡುಗರು ಸಿಕ್ಕಿದ್ದು ಜಾಸ್ತಿ ಖುಷಿ.

ಈ ಸಲ ಹನ್ನೊಂದರಲ್ಲಿ ಏಳು ಸೋತಿದ್ದೇವೆ. ಹೆಡ್ ಕೋಚ್ ಮುಖದಲ್ಲಿ ನಗು ಇಲ್ಲ. ಪೋಲೊ ಶರ್ಟ್ ಇಸ್ತ್ರಿಗೆ ಕೊಟ್ಟಿದ್ದೇನೆ.