ಲಾಂಗ್ಟಾಂಗ್ ಕಣಿವೆಯ ಜನವಸತಿಗಳನ್ನು ನಕ್ಷೆಗೆ ಇಳಿಸಿದ ಅನುಭವ

ನೇಪಾಳದ ರಸುವಾ ಜಿಲ್ಲೆಯ ಉತ್ತರ ಭಾಗದಲ್ಲಿ, ಟಿಬೆಟ್ ಗಡಿಗೆ ತಾಗಿಕೊಂಡಿರುವ, ಲಾಂಗ್ಟಾಂಗ್ ಕಣಿವೆಯನ್ನು ಒಳಗೊಂಡ ಗೋಸಾಯಿಕುಂಡ ಗಾಂವ್‌ಪಾಲಿಕಾದ ಜನವಸತಿಗಳನ್ನು ಒಂದು ನಕ್ಷೆಯಾಗಿಯೂ ಅದರ ಜೊತೆಗೆ ಒಂದು ವಿವರಣಾ ಪಟ್ಟಿಯಾಗಿಯೂ ಸಿದ್ಧಪಡಿಸುವ ಕೆಲಸವನ್ನು ನಾನು ಮಾಡಿದೆ. ಗಾಂವ್‌ಪಾಲಿಕಾ ಎಂಬುದು ಆ ದೇಶದ ಗ್ರಾಮೀಣ ಸ್ಥಳೀಯ ಆಡಳಿತದ ಘಟಕ. 2015ರ ಸಂವಿಧಾನದ ಬಳಿಕ, 2017ರಲ್ಲಿ ಹಳೆಯ ಗ್ರಾಮ ವಿಕಾಸ ಸಮಿತಿಗಳನ್ನು ರದ್ದುಗೊಳಿಸಿ ರಚಿಸಿದ 753 ಸ್ಥಳೀಯ ಸಂಸ್ಥೆಗಳಲ್ಲಿ 460 ಇಂಥವು. ಗೋಸಾಯಿಕುಂಡದ ವಿಸ್ತೀರ್ಣ ಸುಮಾರು 979 ಚದರ ಕಿಲೋಮೀಟರ್. ಆದರೆ 2011ರ ಜನಗಣತಿಯ ಲೆಕ್ಕದಂತೆ ಅಲ್ಲಿದ್ದ ಜನ ಏಳು ಸಾವಿರದ ಆಸುಪಾಸಿನಲ್ಲಿ ಮಾತ್ರ. ವಿಸ್ತೀರ್ಣದ ಬಹುಪಾಲು ಹಿಮ, ಬಂಡೆ, ಕಾಡು ಮತ್ತು ಹುಲ್ಲುಗಾವಲುಗಳದ್ದಾದ್ದರಿಂದ, ಚದರ ಕಿಲೋಮೀಟರಿಗೆ ಇಷ್ಟು ಜನ ಎಂಬ ಸರಾಸರಿಯಿಂದ ಇಲ್ಲಿ ಏನೂ ತಿಳಿಯುವುದಿಲ್ಲ. ಜನ ಯಾವ ಎತ್ತರದಲ್ಲಿ, ಯಾವ ಮಗ್ಗುಲಿನಲ್ಲಿ, ವರ್ಷದ ಯಾವ ತಿಂಗಳುಗಳಲ್ಲಿ ಇರುತ್ತಾರೆ ಎಂಬುದೇ ನನ್ನ ಕೆಲಸದ ಮುಖ್ಯ ಪ್ರಶ್ನೆಯಾಯಿತು.

ಊರುಗಳ ಹೆಸರುಗಳಿಗೆ ಕೈಹಾಕುವ ಮೊದಲು ನಾನು ನೀರಿನ ಹರಿವನ್ನು ಗುರುತಿಸಿಕೊಂಡೆ. ಈ ಪ್ರದೇಶಕ್ಕೆ ಎರಡು ನದಿಗಳೇ ಬೆನ್ನೆಲುಬು. ಭೋಟೆ ಕೋಶಿ ಟಿಬೆಟ್‌ನಿಂದ ಇಳಿದು ರಸುವಾಗಢಿಯಲ್ಲಿ ಗಡಿ ದಾಟಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಲಾಂಗ್ಟಾಂಗ್ ಖೋಲಾ ಹಿಮನದಿಗಳ ನೀರನ್ನು ಹೊತ್ತು ಪೂರ್ವದಿಂದ ಪಶ್ಚಿಮಕ್ಕೆ ಹರಿದು ಸ್ಯಾಫ್ರುಬೇಸಿಯಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಇನ್ನೂ ಕೆಳಗೆ, ಧುಂಚೆಯ ಬಳಿ, ಗೋಸಾಯಿಕುಂಡ ಸರೋವರದ ಕಡೆಯಿಂದ ಬರುವ ಹೊಳೆ ಸೇರಿದ ಮೇಲೆ ನದಿಗೆ ತ್ರಿಶೂಲಿ ಎಂಬ ಹೆಸರು. ಒಂದು ಕಣಿವೆ ಉತ್ತರ–ದಕ್ಷಿಣವಾಗಿಯೂ ಇನ್ನೊಂದು ಪೂರ್ವ–ಪಶ್ಚಿಮವಾಗಿಯೂ ಇರುವುದು ನಕ್ಷೆಯಲ್ಲಿ ಸಾಮಾನ್ಯ ಸಂಗತಿಯಂತೆ ಕಂಡರೂ ಜನವಸತಿಯ ಮಟ್ಟಿಗೆ ನಿರ್ಣಾಯಕವಾದದ್ದು ಇದೇ. ಪೂರ್ವ–ಪಶ್ಚಿಮ ಕಣಿವೆಯಲ್ಲಿ ಒಂದು ಮಗ್ಗುಲು ದಕ್ಷಿಣಕ್ಕೆ ಮುಖ ಮಾಡಿ ಚಳಿಗಾಲದಲ್ಲೂ ಬಿಸಿಲು ಕಾಯುತ್ತದೆ, ಇನ್ನೊಂದು ಮಗ್ಗುಲಿನಲ್ಲಿ ಹಿಮ ತಡವಾಗಿ ಕರಗುತ್ತದೆ. ಲಾಂಗ್ಟಾಂಗ್ ಹಳ್ಳಿ, ಮುಂಡು, ಕ್ಯಾಂಜಿನ್ ಎಲ್ಲವೂ ಬಲದಂಡೆಯಲ್ಲಿ, ಅಂದರೆ ಬಿಸಿಲಿನ ಮಗ್ಗುಲಿನಲ್ಲಿವೆ. ಎದುರಿನ ಎಡದಂಡೆಯ ಇಳಿಜಾರಿನಲ್ಲಿ ಭೂರ್ಜ, ಫರ್ ಮತ್ತು ಲಾರ್ಚ್ ಮರಗಳ ಕಾಡು ದಟ್ಟವಾಗಿದೆ.

ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಗೆರೆಗಳನ್ನು, ಓದುವುದಕ್ಕೆ ನಾನು ಬಳಸಿದ್ದು ನೇಪಾಳದ ಸರ್ವೇಕ್ಷಣಾ ಇಲಾಖೆ 1990ರ ದಶಕದಲ್ಲಿ ಫಿನ್ಲೆಂಡಿನ ನೆರವಿನಿಂದ ತಯಾರಿಸಿದ ಭೂಲಕ್ಷಣ ನಕ್ಷೆಗಳ ಸರಣಿಯನ್ನು. ತಗ್ಗು ಮತ್ತು ಮಧ್ಯಮ ಎತ್ತರದ ಪ್ರದೇಶಗಳಿಗೆ ಆ ಸರಣಿಯಲ್ಲಿ 1:25,000 ಪ್ರಮಾಣದ ಹಾಳೆಗಳಿದ್ದರೆ, ಎತ್ತರದ ಹಿಮಾಲಯಕ್ಕೆ 1:50,000 ಪ್ರಮಾಣದ ಹಾಳೆಗಳಿವೆ. ಈ ಪ್ರಮಾಣದಲ್ಲಿ ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್; ಆದರೆ ನಲವತ್ತು ಡಿಗ್ರಿ ಇಳಿಜಾರಿನಲ್ಲಿ ಅದೇ ಒಂದು ಸೆಂಟಿಮೀಟರಿನೊಳಗೆ ಸುಮಾರು 420 ಮೀಟರ್ ಏರಿಕೆ ಅಡಗಿರುತ್ತದೆ. ಬಯಲುಸೀಮೆಯ ನಕ್ಷೆ ಓದಿ ಅಭ್ಯಾಸವಾದ ಕಣ್ಣಿಗೆ ಪಕ್ಕಪಕ್ಕದ ಊರುಗಳಂತೆ ಕಾಣುವ ಎರಡು ಚುಕ್ಕೆಗಳ ನಡುವೆ ಅರ್ಧ ದಿನದ ಹತ್ತುದಾರಿ ಇರಬಹುದು. ಆದ್ದರಿಂದ ನಾನು ಊರುಗಳ ನಡುವಿನ ದೂರವನ್ನು ಕಿಲೋಮೀಟರಿನಲ್ಲಿ ಬರೆಯುವುದನ್ನು ಬಿಟ್ಟು, ಏರಿಕೆ ಇಳಿಕೆಗಳನ್ನು ಮೀಟರಿನಲ್ಲಿಯೂ ಹೊರೆ ಹೊತ್ತವರು ನಡೆಯುವ ವೇಳೆಯನ್ನು ಗಂಟೆಯಲ್ಲಿಯೂ ಬರೆದೆ. ಸ್ಯಾಫ್ರುಬೇಸಿಯಿಂದ ಕ್ಯಾಂಜಿನ್‌ಗೆ ನೇರ ಗೆರೆ ಎಳೆದರೆ ಇಪ್ಪತ್ತೈದು ಕಿಲೋಮೀಟರ್ ಕೂಡ ಆಗುವುದಿಲ್ಲ. ಆದರೆ ಮೊದಲನೆಯದು ಸುಮಾರು 1,500 ಮೀಟರ್ ಎತ್ತರದಲ್ಲಿದ್ದರೆ ಎರಡನೆಯದು 3,800 ಮೀಟರಿಗೂ ಮೇಲೆ ಇದೆ.

ಎತ್ತರದ ಅಂಕಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಣಿವೆಯ ನೆತ್ತಿಯ ಮೇಲಿರುವ ಲಾಂಗ್ಟಾಂಗ್ ಲಿರುಂಗ್ ಶಿಖರಕ್ಕೇ 7,227 ಮತ್ತು 7,234 ಮೀಟರ್ ಎಂಬ ಎರಡು ಅಂಕಿಗಳು ಚಾಲ್ತಿಯಲ್ಲಿವೆ. ಇಳಿಜಾರಿನುದ್ದಕ್ಕೂ ಚಾಚಿಕೊಂಡ ಹಳ್ಳಿಗೆ ಒಂದೇ ಅಂಕಿ ಕೊಡುವುದು ಇನ್ನೂ ಕಷ್ಟ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳತೆಯಿಂದ ಪಡೆದ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ, ನಕ್ಷೆ ತಯಾರಿಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಅದನ್ನು ನಕ್ಷೆಯ ಮೇಲೆ ಹರಡುವುದೂ ಸುಲಭ. ಆದರೆ ಅದರ ಒಂದೊಂದು ಚೌಕವೂ ಸುಮಾರು 30 ಮೀಟರ್ ಅಗಲದ್ದು, ಮತ್ತು ಇಕ್ಕಟ್ಟಾದ ಕೊರಕಲುಗಳಲ್ಲಿ ರೇಡಾರ್ ಕಿರಣ ತಳ ಮುಟ್ಟದೆ ದತ್ತಾಂಶದಲ್ಲಿ ಖಾಲಿ ಜಾಗಗಳು ಉಳಿದಿವೆ. ಹೀಗಾಗಿ ಹಳ್ಳಿಯ ಕೆಳಗಿನ ಹೊಲದ ಅಂಚಿನಿಂದ ಮೇಲಿನ ಕೊನೆಯ ಮನೆಯವರೆಗಿನ ವ್ಯಾಪ್ತಿಯನ್ನು ಹತ್ತರ ಗುಣಕಕ್ಕೆ ಹೊಂದಿಸಿ ಬರೆಯುವುದೇ ಪ್ರಾಮಾಣಿಕವಾದ ಕ್ರಮವೆಂದು ನಾನು ಭಾವಿಸುತ್ತೇನೆ.

ಲಾಂಗ್ಟಾಂಗ್ ಕಣಿವೆ ಉದ್ದಕ್ಕೂ ಒಂದೇ ಬಗೆಯದಲ್ಲ. ಸ್ಯಾಫ್ರುಬೇಸಿಯಿಂದ ಬ್ಯಾಂಬೂ, ರಿಮ್ಚೆ, ಲಾಮಾ ಹೋಟೆಲ್‌ವರೆಗೆ ನದಿಯೇ ಕೊರೆದ ಇಕ್ಕಟ್ಟಾದ ಕಮರಿ ಇದೆ. ಎರಡೂ ಬದಿಯ ಗೋಡೆಗಳು ನೀರಿನ ಅಂಚಿಗೇ ಇಳಿಯುವುದರಿಂದ ಹೊಲಕ್ಕೆ ಜಾಗವಿಲ್ಲ, ಆದ್ದರಿಂದ ಇಲ್ಲಿ ಕೃಷಿಕರ ಊರೂ ಇಲ್ಲ. ದಾರಿಯಲ್ಲಿ ಕಾಣುವ ಕಟ್ಟಡಗಳು ಚಾರಣಿಗರಿಗಾಗಿ ಹುಟ್ಟಿಕೊಂಡ ವಸತಿಗೃಹಗಳು. ನಿಜವಾದ ಊರು ಶೇರ್ಪಾಗಾಂವ್ ಮಾತ್ರ ಕಮರಿಯನ್ನು ಬಿಟ್ಟು ಬಲದಂಡೆಯ ಮೇಲ್ಭಾಗದಲ್ಲಿ, ಇಳಿಜಾರು ತುಸು ಸಡಿಲಗೊಂಡ ಕಡೆ ನೆಲೆಸಿದೆ. ಸುಮಾರು 3,000 ಮೀಟರ್ ಎತ್ತರದ ಘೋಡಾತಬೇಲಾ ಬಳಿಗೆ ಬಂದೊಡನೆ ಕಾಡು ಸರಿದು ಕಣಿವೆ ಅಗಲವಾಗಿ ತೆರೆದುಕೊಳ್ಳುತ್ತದೆ. ಅಲ್ಲಿಂದ ಮೇಲೆ ಇರುವುದು ಹಿಂದೆ ಹಿಮನದಿ ಹರಡಿ ಉಜ್ಜಿ ಅಗಲಗೊಳಿಸಿದ ತೊಟ್ಟಿಯಾಕಾರದ ಕಣಿವೆ. ಸಮೋನ್ನತಿ ರೇಖೆಗಳಲ್ಲೂ ಇದು ಸ್ಪಷ್ಟವಾಗಿ ಕಾಣುತ್ತದೆ: ನದಿಯನ್ನು ಒತ್ತಿಕೊಂಡು ಬರುತ್ತಿದ್ದ ಗೆರೆಗಳು ಇಲ್ಲಿ ತಳವನ್ನು ಬಿಟ್ಟುಕೊಟ್ಟು ಬದಿಗಳಿಗೆ ಸರಿದು ದಟ್ಟವಾಗುತ್ತವೆ. ಆಲೂಗಡ್ಡೆ, ಬಕ್‌ವೀಟ್, ಬಾರ್ಲಿ ಬೆಳೆಯುವ ಕಲ್ಲುಗೋಡೆಯ ಹೊಲಗಳು, ಪ್ರಾರ್ಥನೆ ಕೆತ್ತಿದ ಕಲ್ಲುಗಳ ಮಣಿಗೋಡೆಗಳು, ನೀರಿನಿಂದ ತಿರುಗುವ ಪ್ರಾರ್ಥನಾ ಚಕ್ರಗಳು, ಸಾಲು ಊರುಗಳು ಎಲ್ಲವೂ ಈ ತೊಟ್ಟಿಯೊಳಗಿವೆ.

ಭೋಟೆ ಕೋಶಿಯ ಕಡೆಯ ಊರುಗಳ ಸ್ವಭಾವ ಬೇರೆ. ಅಲ್ಲಿನ ತಮಾಂಗ್ ಸಮುದಾಯದ ಹಳೆಯ ಹಳ್ಳಿಗಳು ನದಿಯಿಂದ ದೂರವೇ ಉಳಿದಿವೆ: ಬ್ರಿದ್ದಿಮ್ ಪೂರ್ವದ ಇಳಿಜಾರಿನಲ್ಲಿ, ಥುಮನ್ ಪಶ್ಚಿಮದ ಇಳಿಜಾರಿನಲ್ಲಿ, ಎರಡೂ 2,200 ಮೀಟರಿಗೆ ಮೇಲೆ. ಠೂಲೋ ಸ್ಯಾಫ್ರುವಿನ ಮನೆಗಳಂತೂ ಬೆಟ್ಟದ ನೆತ್ತಿಯ ಮೇಲೆ, ಎತ್ತಿನ ಬೆನ್ನಿನ ಉದ್ದಕ್ಕೂ ಜೋಡಿಸಿಟ್ಟಂತೆ, ಒಂದೇ ಸಾಲಿನಲ್ಲಿವೆ. ಮೆಟ್ಟಿಲು ಹೊಲಗಳು ಎರಡೂ ಪಕ್ಕಕ್ಕೆ ಇಳಿದಿವೆ. ಇದಕ್ಕೆ ಪ್ರತಿಯಾಗಿ ನದಿಯ ಮಗ್ಗುಲಲ್ಲಿ ಬೆಳೆದಿರುವ ಸ್ಯಾಫ್ರುಬೇಸಿ ಮತ್ತು ತಿಮುರೆ ರಸ್ತೆಯ ಊರುಗಳು. ಸ್ಯಾಫ್ರುಬೇಸಿಯಲ್ಲೇ ಎರಡು ತುಂಡುಗಳಿವೆ: ತೂಗುಸೇತುವೆಯ ಆಚೆ ಎಡದಂಡೆಯಲ್ಲಿ ಹಳೆಯ ಹಳ್ಳಿ, ಈಚೆ ಹೆದ್ದಾರಿಯ ಬದಿಯಲ್ಲಿ ಹೋಟೆಲು ಅಂಗಡಿಗಳ ಹೊಸ ಬೀದಿ. 2015ರ ಭೂಕಂಪದಲ್ಲಿ ತಾತೋಪಾನಿಯ ಗಡಿದಾರಿ ಮುಚ್ಚಿಹೋದ ಮೇಲೆ ಚೀನಾದೊಂದಿಗಿನ ಭೂಮಾರ್ಗದ ವ್ಯಾಪಾರ ರಸುವಾಗಢಿಗೆ ತಿರುಗಿ, ಈ ರಸ್ತೆಯ ಊರುಗಳು ಬೇಗ ಬೆಳೆದವು. ಜಿಲ್ಲಾಕೇಂದ್ರ ಧುಂಚೆಯೂ ಇದೇ ಗಾಂವ್‌ಪಾಲಿಕಾದಲ್ಲಿದೆ. ಕಚೇರಿಗಳ ಊರಾದ ಅದರ ಬಗ್ಗೆ ದಾಖಲೆಗಳೇ ಸಾಕಷ್ಟು ಹೇಳುತ್ತವೆ.

ನನಗೆ ಅತ್ಯಂತ ಹೆಚ್ಚು ಸಮಯ ಹಿಡಿದದ್ದು ಊರುಗಳಲ್ಲ, ಅವುಗಳ ಖರ್ಕಗಳು, ಅಂದರೆ ಬೇಸಿಗೆಯ ಮೇವಿನ ನೆಲೆಗಳು. ಯಾಕ್ ಮತ್ತು ಹಸುವಿನ ಮಿಶ್ರತಳಿಯಾದ ಚೌರಿಗಳನ್ನು ಮಳೆಗಾಲದ ತಿಂಗಳುಗಳಲ್ಲಿ ಮೇಲಿನ ಹುಲ್ಲುಗಾವಲುಗಳಿಗೆ ಹತ್ತಿಸಿ, ಚಳಿ ಏರಿದಂತೆ ಹಂತಹಂತವಾಗಿ ಕೆಳಗಿನ ಕಾಡಿನಂಚಿಗೆ ಇಳಿಸುತ್ತಾರೆ. ದನಗಾಹಿಗಳ ಗೋಠ್ ಎಂದರೆ ಮೊಣಕಾಲಿನಿಂದ ಎದೆಯವರೆಗೆ ಬರುವ ಒಣಕಲ್ಲಿನ ಗೋಡೆ, ಅದರ ಮೇಲೆ ಮರದ ಗಳುಗಳು, ಗಳುಗಳ ಮೇಲೆ ಹಾಸಿದ ಬಿದಿರಿನ ಚಾಪೆ. ಒಳಗೆ ಒಂದು ಮೂಲೆಯಲ್ಲಿ ಒಲೆ, ಅದರ ಮೇಲ್ಗಡೆ ಹೊಗೆಗೆ ತೂಗುಹಾಕಿದ ಗಿಣ್ಣಿನ (ಚೀಸ್) ತುಂಡುಗಳು, ಬಾಗಿಲ ಬಳಿ ಕರುಗಳನ್ನು ಕಟ್ಟುವ ಗೂಟ. ಹಿಂಡು ಜಾಗ ಬದಲಿಸುವಾಗ ಚಾಪೆಯನ್ನು ಸುತ್ತಿ ಹೊತ್ತುಕೊಂಡು ಹೋಗುತ್ತಾರೆ, ಗೋಡೆ ಮಾತ್ರ ಉಳಿಯುತ್ತದೆ. ಉಪಗ್ರಹ ಚಿತ್ರಗಳು ಮೋಡವಿಲ್ಲದೆ ಚೆನ್ನಾಗಿ ಸಿಗುವುದು ನವೆಂಬರಿನ ನಂತರ. ಆ ಚಿತ್ರಗಳಲ್ಲಿ ಚಾವಣಿಯಿಲ್ಲದ ಈ ಗೋಡೆಗಳು ಪಾಳುಬಿದ್ದ ಮನೆಗಳಂತೆ ಕಾಣುತ್ತವೆ. ಅವು ಪಾಳಲ್ಲ, ಆ ತಿಂಗಳಿಗೆ ಖಾಲಿ, ಅಷ್ಟೆ. ಅದನ್ನು ತಿಳಿಯಲು ಗೋಡೆಯ ಒಳಗಿನ ಗಿಡಗಂಟಿಗಳನ್ನು ನೋಡಬೇಕು. ಪ್ರತಿ ವರ್ಷ ದನ ನಿಲ್ಲುವ ಗೋಠ್‌ನ ಸುತ್ತ ಗೊಬ್ಬರ ಬಿದ್ದ ನೆಲ ಬೇರೆ ಬಣ್ಣದ್ದಾಗಿ, ಕಳೆ ಸೊಂಪಾಗಿ ಬೆಳೆದಿರುತ್ತದೆ. ಬಿಟ್ಟುಹೋದ ಗೋಠ್‌ನಲ್ಲಿ ಪೊದೆಗಳು ಗೋಡೆಯೊಳಗೇ ಎದ್ದಿರುತ್ತವೆ.

ಲಾಂಗ್ಟಾಂಗ್‌ನ ವಸತಿಗೃಹವೊಂದರ ಒಡತಿಯನ್ನು ನಾನು, "ದಿದಿ, ನಿಮ್ಮ ಊರಿನ ಗಡಿ ಎಲ್ಲಿಂದ ಎಲ್ಲಿಗೆ?" ಎಂದು ಕೇಳಿದ್ದೆ. "ಚೌರಿ ಎಲ್ಲಿ ಮೇಯುತ್ತದೋ ಅಲ್ಲಿವರೆಗೆ ನಮ್ಮದೇ, ಭಾಯಿ. ಲಾಂಗ್‌ಶಿಸಾದವರೆಗೂ ಹೋಗುತ್ತವೆ. ಆದರೆ ಆಲೂಗಡ್ಡೆ ಅಗೆಯುವಾಗ ನಾವೆಲ್ಲ ಇಲ್ಲೇ ಇರಬೇಕು," ಎಂದು ಅವರು ಉತ್ತರಿಸಿದರು. ಲಾಂಗ್‌ಶಿಸಾ ಖರ್ಕ ಕ್ಯಾಂಜಿನ್‌ಗಿಂತಲೂ ಮೇಲೆ, 4,000 ಮೀಟರ್ ದಾಟಿದ ನೆಲೆ. ಆ ಮಾತಿನ ನಂತರ ನಾನು ಪಟ್ಟಿಯ ವಿನ್ಯಾಸವನ್ನೇ ಬದಲಿಸಿ, ಒಂದೊಂದು ಊರಿಗೂ ಒಂದು ಚುಕ್ಕೆಯ ಬದಲಿಗೆ ಕೆಳಗಿನ ಹೊಲ, ನಡುವಿನ ಮನೆಗಳು, ಮೇಲಿನ ಖರ್ಕಗಳು ಎಂಬ ಸರಪಳಿಯನ್ನು ಕೊಟ್ಟು, ಪ್ರತಿಯೊಂದು ಕೊಂಡಿಯ ಮುಂದೆ ಅದು ಬಳಕೆಯಲ್ಲಿರುವ ತಿಂಗಳುಗಳನ್ನು ಬರೆದೆ. ದಾಖಲೆಗಳಲ್ಲಿ ಪ್ರತ್ಯೇಕ ಮಜರೆಗಳಂತೆ ತೋರುವ ಹಲವು ಹೆಸರುಗಳು ಹೀಗೆ ಒಂದೇ ಊರಿನ ಬೇರೆ ಬೇರೆ ಎತ್ತರಗಳೆಂದು ಸ್ಪಷ್ಟವಾಯಿತು.

ಕ್ಯಾಂಜಿನ್ ಈ ಸರಪಳಿಯಿಂದ ಹೊರಬಂದ ನೆಲೆ. ಹಿಂದೆ ಅಲ್ಲಿದ್ದದ್ದು ಒಂದು ಗೊಂಪಾ (ಬೌದ್ಧ ಮಠ) ಮತ್ತು ಸುತ್ತಣ ಬೇಸಿಗೆಯ ಗುಡಿಸಲುಗಳು. 1950ರ ದಶಕದಲ್ಲಿ ಸ್ವಿಸ್ ನೆರವಿನಿಂದ ಗಿಣ್ಣಿನ ಕಾರ್ಖಾನೆ ಆರಂಭವಾದಾಗ ಚೌರಿಯ ಹಾಲಿಗೆ ಸ್ಥಿರವಾದ ಬೇಡಿಕೆ ಬಂದು, 1976ರಲ್ಲಿ ಲಾಂಗ್ಟಾಂಗ್ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿ ಚಾರಣಿಗರೂ ಹೆಚ್ಚಿದ ಬಳಿಕ ಅದು ಹೋಟೆಲುಗಳ ಊರಾಯಿತು. ಆದರೂ ಅದನ್ನು ಕಾಯಂ ಜನವಸತಿ ಎಂದು ಬರೆಯುವಾಗ ನಾನು ಹಿಂಜರಿದೆ, ಏಕೆಂದರೆ ಕಡುಚಳಿಯಲ್ಲಿ ಅಲ್ಲಿನ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಕೊನೆಗೆ "ವರ್ಷದ ಬಹುಕಾಲ" ಎಂಬ ಮೂರನೆಯ ವರ್ಗವನ್ನೇ ಮಾಡಿದೆ.

ಲಾಂಗ್ಟಾಂಗ್ ಹಳ್ಳಿಯನ್ನು ಗುರುತಿಸುವುದು ಎಲ್ಲಕ್ಕಿಂತ ಕಠಿಣವಾಗಿತ್ತು. 2015ರ ಏಪ್ರಿಲ್ 25ರಂದು 7.8 ಪ್ರಮಾಣದ ಭೂಕಂಪವಾದಾಗ ಲಾಂಗ್ಟಾಂಗ್ ಲಿರುಂಗ್‌ನ ಮಗ್ಗುಲಿನಿಂದ ಹಿಮ, ಮಂಜುಗಡ್ಡೆ ಮತ್ತು ಬಂಡೆಗಳು ಒಟ್ಟಾಗಿ ಕುಸಿದು ಹಳ್ಳಿಯನ್ನು ಹೂತುಹಾಕಿದವು. ಕುಸಿತದ ಮುಂದೆ ನುಗ್ಗಿದ ಗಾಳಿಯ ಹೊಡೆತಕ್ಕೆ ಎದುರಿನ ಎಡದಂಡೆಯ ಮರಗಳು ಕೂಡ ನೆಲಕ್ಕೊರಗಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬಂಡೆಯ ಆಸರೆಯಲ್ಲಿದ್ದ ಒಂದು ಮನೆ ಮಾತ್ರ ನಿಂತಿತು. ಹಳೆಯ ಹಾಳೆಗಳಲ್ಲಿರುವ ಊರು ಇದ್ದ ಜಾಗದಲ್ಲಿ ಇಂದು ಕಲ್ಲುಮಣ್ಣಿನ ವಿಶಾಲ ರಾಶಿ ಇದೆ, ದಾರಿ ಅದರ ಮೇಲೆಯೇ ಹಾದುಹೋಗುತ್ತದೆ. ಹೊಸ ಮನೆಗಳು ಅದನ್ನು ದಾಟಿದ ಮೇಲೆ, ಕಣಿವೆಯ ಮೇಲುಭಾಗದ ಕಡೆಗೆ ಸಿಗುತ್ತವೆ. ಹಳೆಯ ಚುಕ್ಕೆಯನ್ನು ಅಳಿಸಿ ಹೊಸದನ್ನು ಹಾಕಿದರೆ ನಕ್ಷೆ ಇಂದಿನ ಮಟ್ಟಿಗೆ ಸರಿಯಾಗುತ್ತದೆ. ಆದರೆ ಈ ಊರು ಇಲ್ಲಿಗೆ ಸರಿದದ್ದು ಏಕೆ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ರಾಶಿಯ ಹರವನ್ನು ಒಂದು ಪ್ರತ್ಯೇಕ ಪದರವಾಗಿ ಬಿಡಿಸಿ, ಅದರೊಳಗೆ ಹಳೆಯ ಹಳ್ಳಿಯನ್ನು ವರ್ಷಸಹಿತ ಗುರುತಿಸಿ, ಹೊಸದನ್ನು ಬೇರೆ ಚಿಹ್ನೆಯಲ್ಲಿ ಕೊಟ್ಟೆ.

ವಾರ್ಡುಗಳ ಗಡಿಗಳನ್ನು ನಾನು ನಕ್ಷೆಯ ಮೇಲೆ ತೆಳುವಾದ ಗೆರೆಯಲ್ಲಷ್ಟೇ ಉಳಿಸಿದ್ದೇನೆ. ಅನುದಾನ, ಮತದಾನ, ಜನಗಣತಿಗಳಿಗೆ ಅವು ಬೇಕು. ಆದರೆ ಊರಿನ ವ್ಯಾಪ್ತಿ ತಿಳಿಯಲು ಅವನ್ನು ನಂಬಿದರೆ ಮೈಲುಗಟ್ಟಲೆ ಹಿಮನದಿಯೂ ಒಂದು ಹಳ್ಳಿಯ ಪಾಲಿಗೆ ಬರುತ್ತದೆ.

ಪಟ್ಟಿಯ ಕೊನೆಯ ಕಲಂ ಸೇರಿದ್ದು 2025ರ ಜುಲೈ 8ರ ನಂತರ. ಅಂದು ಟಿಬೆಟ್ ಭಾಗದಲ್ಲಿ ಹಿಮನದಿಯ ಮೇಲ್ಮೈಯಲ್ಲಿದ್ದ ಸರೋವರವೊಂದು ಬರಿದಾಗಿ ಭೋಟೆ ಕೋಶಿಗೆ ಪ್ರವಾಹ ನುಗ್ಗಿತು; ರಸುವಾಗಢಿಯ ಮಿತೇರಿ ಸೇತುವೆ ಕೊಚ್ಚಿಹೋಯಿತು, ತಿಮುರೆಯ ಕಡೆ ನದಿಬದಿಯಲ್ಲಿ ನಿಲ್ಲಿಸಿದ್ದ ವಾಹನಗಳೂ ಹೋದವು. ಥುಮನ್ ಮತ್ತು ಬ್ರಿದ್ದಿಮ್ ಹಳ್ಳಿಗಳು ನದಿಯಿಂದ ನೂರಾರು ಮೀಟರ್ ಮೇಲಿವೆ. ಹಾಗಾಗಿ ಸಮುದ್ರಮಟ್ಟದಿಂದ ಎತ್ತರದ ಪಕ್ಕದಲ್ಲೇ, ಹತ್ತಿರದ ನದಿಯ ನೀರಿನ ಮಟ್ಟದಿಂದ ಆ ಊರಿನ ಅತಿ ತಗ್ಗಿನ ಮನೆ ಎಷ್ಟು ಮೀಟರ್ ಮೇಲಿದೆ ಎಂಬುದನ್ನೂ ಎಲ್ಲ ಊರುಗಳಿಗೂ ಅಳೆದು ತುಂಬುತ್ತಿದ್ದೇನೆ. ಭೋಟೆ ಕೋಶಿಯ ಬದಿಯ ರಸ್ತೆಯೂರುಗಳನ್ನು ಮೊದಲು ಮುಗಿಸಿ, ಈಗ ಲಾಂಗ್ಟಾಂಗ್ ಖೋಲಾದ ಕಮರಿಯ ವಸತಿಗೃಹಗಳ ಅಳತೆಗೆ ಬಂದಿದ್ದೇನೆ.